ನಳ ಬಂದ್, ನಳ ಬಂದ್ವು

ಸರಕಾರ ಮೊಬೈಲಿಗೆ ಇಳಿದ ಮೇಲೆ ನನ್ನ ಮಾನ ವಾರಕ್ಕೊಮ್ಮೆಯಾದರೂ ಹೋಗುತ್ತದೆ. ಕೆಲವು ವಾರ ಎರಡು ಸಲ.

ನಾನು ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಗ್ರಾಮಸೇವಕ. ಅಂದರೆ ಪಂಚಾಯ್ತಿಯ ಕಾರ್ಯದರ್ಶಿ. ಮನೆ ಸೊಲ್ಲಾಪುರದಲ್ಲಿ. ಊರವರನ್ನೆಲ್ಲ ಸೇರಿಸಿ ವಾಟ್ಸಾಪ್ ಗ್ರೂಪ್ ಮಾಡಿ, ಜನರಿಗೆ ಹತ್ತಿರವಾಗಿ ಎಂದು ಮೇಲಿನಿಂದ ಆದೇಶ ಬಂತು. ಹತ್ತಿರವಾದೆ.

ಛತ್ರಿ

ಮುಂಜಾನೆ ಹತ್ತಕ್ಕೆ ಆಫೀಸಿನ ಮುಂದೆ ನಿಂತ ನನ್ನ ಫೋಟೋ ಗ್ರೂಪಿಗೆ ಹೋಗಬೇಕು. ಅದೇ ಹಾಜರಿ. ಒಂದು ದಿನ ಬಸ್ಸು ತಪ್ಪಿತು. ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಹಳೆಯದೊಂದು ಫೋಟೋ ಹುಡುಕಿ, ‘ಜನಸೇವೆಗೆ ಸದಾ ಸಿದ್ಧ’ ಎಂದು ಬರೆದು ಹಾಕಿದೆ.

ಆಫೀಸಿನ ಎದುರಿಗಿರುವ ಕಿರಾಣಿ ಅಂಗಡಿಯವರು ಕೂಡಲೇ ಬರೆದರು: “ಸಾಹೇಬ್ರ, ನೀವು ಛತ್ರಿ ಹಿಡದೀರಿ. ಇಲ್ಲಿ ಸುಡು ಬಿಸಲ ಐತ್ರಿ. ಮಳಿ ನಿಮ್ಮ ಒಬ್ಬರ ಮ್ಯಾಲ ಆಗಾಕತ್ತೈತೇನ್ರಿ?”

ಬಂದ್

ಇಲ್ಲಿಯವರ ಮನೆಮಾತು ಕನ್ನಡ, ಕಲಿತದ್ದು ಮರಾಠಿ. ಹೀಗಾಗಿ ಗ್ರೂಪಿನಲ್ಲಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತೇವೆ. ಪೈಪು ಒಡೆದ ದಿನ ನಾನು ಅವಸರದಲ್ಲಿ ‘ನಳ ಬಂದ್’ ಎಂದಷ್ಟೇ ಹಾಕಿದೆ. ಮರಾಠಿಯಲ್ಲಿ ಅದರ ಅರ್ಥ, ನಲ್ಲಿಯ ನೀರು ನಿಂತಿದೆ. ಮೇಲಿನ ಓಣಿಯವರು ಅದನ್ನು ಕನ್ನಡದಲ್ಲಿ ಓದಿದರು. ‘ನಳ ಬಂದ್ವು’ ಎಂದು ಮನೆಯಿಂದ ಮನೆಗೆ ಕೂಗು ಹೋಯಿತು. ಓಣಿಗೆ ಓಣಿಯೇ ಕೊಡ ಹಿಡಿದು ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತಿತು.

ತಪ್ಪಾಯಿತು ಎಂದು ಒಂದು ಮಾತು ಹೇಳಬಹುದಿತ್ತು. ನಾನು ‘ಸಂದೇಶ ಸ್ಪಷ್ಟವಾಗಿತ್ತು’ ಎಂದು ಬರೆದೆ. ಒಬ್ಬ ಹೆಣ್ಣುಮಗಳು ಉತ್ತರಿಸಿದಳು: “ಹೋಗಿದ್ದಕ್ಕ ಬಂದ್ ಅಂತ ಬರಿಯೂದು ಯಾವ ಸಾಲ್ಯಾಗ ಕಲಿಸ್ಯಾರ್ರಿ?”

ನೆತ್ತಿ

ಪೈಪು ದುರಸ್ತಿಯಾಯಿತು. ಆದರೆ ಮೇಲಿನ ಓಣಿಯ ವಾಲ್ವ್ ತೆರೆಯುವುದು ಮರೆತುಹೋಯಿತು. ಮರುದಿನ ಆ ಓಣಿಯ ವಯಸ್ಸಾದ ಆಯಿಯೊಬ್ಬಳು ನನ್ನ ಆಫೀಸಿನ ಕಿಟಕಿಗೆ ಬಂದಳು.

“ಸಾಹೇಬ, ಮನ್ಯಾಗ ಬಾಣಂತಿ ಅದಾಳ. ಕೂಸಿನ ಬಟ್ಟಿ ಒಗಿಯಾಕ ಸುದ್ದಾ ನೀರಿಲ್ಲ.”

ನಾನು ಮೊಬೈಲಿನಿಂದ ಕಣ್ಣೆತ್ತದೆ ಹೇಳಿದೆ: “ಗ್ರೂಪಿನ್ಯಾಗ ಹಾಕ್ರಿ ಆಯಿ. ಈಗ ತಕ್ರಾರ ಅಲ್ಲೇ ತಗೋತೀವಿ.”

“ನನ್ನ ಹತ್ರ ಮೊಬೈಲ ಇಲ್ಲಪಾ.”

“ಯಾರದರ ಇಸ್ಕೊಳ್ರಿ.”

ಮೂರು ದಿನ ಬಂದಳು. ಮೂರು ದಿನವೂ ಅದನ್ನೇ ಹೇಳಿದೆ. ವಾಲ್ವ್ ತಿರುವಲು ಐದು ನಿಮಿಷ ಸಾಕಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಆಯಿ ನೆರೆಮನೆಯ ಸೊಸೆಯನ್ನು ಕರೆದುಕೊಂಡು ಬಂದಳು. ಕಿಟಕಿಯ ಮುಂದೆಯೇ ನಿಂತು ಅವಳ ಮೊಬೈಲಿಗೆ ಮಾತಾಡಿದಳು. ಸೊಸೆ ಆ ವಿಡಿಯೋವನ್ನು ‘ನೀರಿನ ತಕ್ರಾರ’ ಎಂದು ಬರೆದು ಗ್ರೂಪಿಗೆ ಹಾಕಿದಳು. ಆಮೇಲೆ ನೋಡಿದೆ, ಅದರಲ್ಲಿ ಆಯಿಯ ಪೂರ್ತಿ ಮುಖವಿತ್ತು. ಹಿಂದೆ, ಕಿಟಕಿಯ ಒಳಗೆ, ನನ್ನ ಬೋಳು ನೆತ್ತಿ.

ಆದರೆ ಆಗ ನಾನು ವಿಡಿಯೋ ತೆರೆಯಲಿಲ್ಲ. ಅದರ ಮೇಲೆ ಬರೆದದ್ದನ್ನಷ್ಟೇ ಓದಿ, ಎಲ್ಲರಿಗೂ ಕಳಿಸುವ ಸಿದ್ಧ ಉತ್ತರವನ್ನು ಒತ್ತಿದೆ. ಕಿಟಕಿಯ ಆಚೆ ಸೊಸೆಯ ಮೊಬೈಲು ಟಿಂಗ್ ಎಂದಿತು. ಅವಳು ಗಟ್ಟಿಯಾಗಿ ಓದಿ ಹೇಳಿದಳು: “ಆಯಿ, ತಕ್ರಾರ ಮುಟ್ಟೇತಂತ. ಆಫೀಸಿಗೆ ಬಂದು ಸಾಹೇಬ್ರನ್ನ ಭೆಟ್ಟಿ ಆಗಬೇಕಂತ.”

ಆಯಿ ಕಿಟಕಿಯ ಸರಳು ಹಿಡಿದು ಒಳಗೆ ಬಗ್ಗಿ ನೋಡಿದಳು.

“ಬಂದೀನಿ ತಮ್ಮಾ. ನಿನ್ನ ನಳದ ಬಂದ್ ಅಲ್ಲ, ಖರೇನ ಬಂದೀನಿ. ತಲಿ ಎತ್ತು.”