ಮಾಯಪ್ಪನ ಸೊಂಟಕ್ಕೆ ಒಂದೂವರೆ ಇಂಚು ಮಾರ್ಜಿನ್

"ನಿನ್ನ ಪಾಸ್ ಮಾಡಿಸೂದು ನನ್ನ ಜವಾಬ್ದಾರಿ! ಇಪ್ಪತ್ತು ವರ್ಷ ಬೆಳಗಾವಿ ಮಂದಿ ಸೊಂಟ ಅಳದೇನಿ. ಎಲುಬು ಎಲ್ಲಿರ್ತಾವಂತ ನನಗ ಯಾರ ಹೇಳಬೇಕು?"

ವಡಗಾವಿಯ ಟೇಲರ್ ಮಾಯಪ್ಪ ಭಾನುವಾರ ಬೆಳಿಗ್ಗೆ ಹೀಗೆ ಭೀಷ್ಮಪ್ರತಿಜ್ಞೆ ಮಾಡಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಚಡ್ಡಿಯಲ್ಲೇ ಅಡ್ಡಾದ. ಮಗಳು ಹೈಸ್ಕೂಲಿಗೆ ಹೋದ ಮೇಲೆ ತಾನೂ ಖಾನಾಪುರದ ನರ್ಸಿಂಗ್ ಶಾಲೆಗೆ ಸೇರಿದ್ದ ಹೆಂಡತಿ ಪ್ರಮಿಳಾಗೆ ಮರುದಿನ ಪ್ರಾಕ್ಟಿಕಲ್ ಪರೀಕ್ಷೆ. ಸೊಂಟದಿಂದ ಪಾದದವರೆಗಿನ ಎಲುಬುಗಳನ್ನು ಮನುಷ್ಯರ ಮೈಮೇಲೆ ಮುಟ್ಟಿ ತೋರಿಸಬೇಕು. ಆಗಲೇ ಒಮ್ಮೆ ಫೇಲಾಗಿದ್ದಳು. ಈ ಸಲವೂ ಹೋದರೆ ಇಡೀ ವರ್ಷ ನೀರುಪಾಲು.

ಪುಸ್ತಕ ನೋಡಿ, ಬೆರಳೂರಿ, ಅವಳು ಟೇಲರ್ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದಳು. ಮಾಯಪ್ಪನಿಗೋ ವಿಪರೀತ ಕಚಗುಳಿ! ಹಲ್ಲು ಕಚ್ಚಿ ಸಹಿಸಿದ. ಅವಳು ಚಹಾ ಇಡಲು ಒಳಗೆ ಹೋದದ್ದೇ ತಡ, ಕಸುಬಿನ ಕೈ ಸುಮ್ಮನಿರಲಿಲ್ಲ. ಅಳತೆಗೆ ಸರಿಯಾಗಿ ಗುರುತು ಹಾಕುವುದೇ? ಹೊಲಿಗೆಗೆ ಜಾಗ ಬಿಡುವುದು ಬೇಡವೇ? ಎಲ್ಲವನ್ನೂ ಒರೆಸಿ, ಒಂದೂವರೆ ಇಂಚು ಆಚೆ ಹೊಸ ಗುರುತು ಹಾಕಿದ!

ಮರಳಿ ಬಂದ ಪ್ರಮಿಳಾ ಗುರುತನ್ನು ಒತ್ತಿದಳು. ಮೆತ್ತಗಿತ್ತು.

"ಅಯ್ಯ, ಇಲ್ಲೇ ತೊಡಿ ಎಲುಬಿನ ಉಬ್ಬು ಇತ್ತಲ್ರಿ! ಎಲ್ಲಿ ಹೋತು?" ಅವಳ ಕಣ್ಣಲ್ಲಿ ನೀರು ಬಂತು. "ನನ್ನ ತಲಿಗೆ ಇದು ಹತ್ತೂದಿಲ್ಲ. ನಾಳಿ ಹೋಗೂದ ಬ್ಯಾಡ."

ಮಾಯಪ್ಪ ತಲೆ ಎತ್ತಿದ. "ಅಳಬ್ಯಾಡ ಮಾರಾಯ್ತಿ. ನಾನ... ಮಾರ್ಜಿನ್ ಬಿಟ್ಟೇನಿ."

"ಮಾರ್ಜಿನ್? ನೀವು ದಪ್ಪಾದ್ರ ಎಲುಬೂ ಬಿಚ್ಚಿ ದೊಡ್ಡದು ಮಾಡ್ತೀರೇನ್ರಿ?"

ಪ್ರಮಿಳಾ ಮರದ ಸ್ಕೇಲಿಗೆ ಕೈ ಹಾಕಿದಳು. ತಪ್ಪಿಸಿಕೊಳ್ಳಲು ಹೊರಳಿದ ಟೇಲರ್ ಮಹಾಶಯರು ಮೇಜಿನಿಂದ ಧೊಪ್ಪನೆ ಕೆಳಗೆ!

"ಸತ್ತೆ! ಸೊಂಟ ಮುರೀತು!"

ಸ್ಕೇಲು ಒಂದು ಕಡೆ, ಅಳು ಒಂದು ಕಡೆ. ಅವಳು ಅವನ ಪಕ್ಕ ನೆಲದ ಮೇಲೆ ಕುಳಿತಳು. ಪುಸ್ತಕದ ನೆನಪೇ ಬರಲಿಲ್ಲ. ಬೆರಳುಗಳು ತಾವೇ ಓಡಿದವು.

"ಇದು ಸೊಂಟದ ಅಂಚು, ಇಲಿಯಾಕ್ ಕ್ರೆಸ್ಟ್. ಚೊಲೋ ಐತಿ. ಇದು ತೊಡಿ ಎಲುಬಿನ ಉಬ್ಬು, ಟ್ರೊಕ್ಯಾಂಟರ್. ಅದೂ ಚೊಲೋ. ಮೊಣಕಾಲ ಚಿಪ್ಪು ಪಟೆಲ್ಲಾ, ಕೆಳಗ ಟಿಬಿಯಾ, ಬಾಜೂಕ ಫಿಬುಲಾ. ಯಾವುದೂ ಮುರದಿಲ್ಲ. ಏಳ್ರಿ, ನಾಟಕ ಸಾಕು!"

ಮಾಯಪ್ಪ ನೋವು ಮರೆತು ಬಾಯಿ ಬಿಟ್ಟ. "ಪ್ರಮಿಳಾ, ಎಲ್ಲಾ ಹೇಳಿದೆಲ್ಲ! ಒಂದಕ್ಕೂ ತಡವರಿಸಲಿಲ್ಲ!"

ಅವಳು ತನ್ನ ಬೆರಳುಗಳನ್ನೇ ಬೆರಗಿನಿಂದ ನೋಡಿಕೊಂಡಳು.

ಸೋಮವಾರ ಸಂಜೆ ಖಾನಾಪುರದ ಬಸ್ಸಿಳಿದು ಬಂದವಳ ಕೈಯಲ್ಲಿ ಪೇಢೆಯ ಡಬ್ಬಿ. "ಪಾಸಂತ ಮೇಡಂ ಅಲ್ಲೇ ಹೇಳಿಬಿಟ್ರು! ಬೆರಳು ಇಡಾಕ ಹೋದಾಗೆಲ್ಲ ನೀವು ಬಿದ್ದದ್ದ ಕಣ್ಣಿಗೆ ಬಂತು. ಭಾಳ ಉಪಕಾರ ಆತ್ರಿ."

ಮಾಯಪ್ಪ ಡಬ್ಬಿ ಹಿಡಿದ ಆ ಕೈಗಳನ್ನು ನೋಡಿದ. ಇಪ್ಪತ್ತು ವರ್ಷ ಅವನ ಅಂಗಡಿಯ ಬಟ್ಟೆಗಳಿಗೆ ಗುಂಡಿ ಹಚ್ಚಿದ ಕೈಗಳು ಅವು. ಅವುಗಳಿಗೆ ತಾನೂ ಒಮ್ಮೆ ಉಪಯೋಗಕ್ಕೆ ಬಂದೆನಲ್ಲ ಎಂದು ಹೃದಯ ತುಂಬಿ ಬಂತು. ಸೊಂಟ ಹಿಡಿದುಕೊಂಡೇ ಘೋಷಿಸಿದ: "ನಿನ್ನ ಸಲುವಾಗಿ ಇನ್ನೊಂದ ಸಲಾನೂ ಬೀಳ್ತೇನಿ!"

"ಹೂಂನ್ರಿ," ಎಂದಳು ಪ್ರಮಿಳಾ, ಅವನ ಬಾಯಿಗೆ ಪೇಢೆ ಇಡುತ್ತ. "ಮುಂದಿನ ವಾರ ತಲಿಬುರುಡಿ ಐತಿ."