ಯುರೋಪಿನ ಬ್ಯಾಂಡು, ಐದು ಕೆಂಪು ಕೋಟು

ಹಾಲು ಕಾಯಿಸಿದೆ, ನಲ್ಲಿ ನೀರು ಹಿಡಿದೆ, ರೊಟ್ಟಿ ಬಡಿದೆ, ಐದು ಕೆಂಪು ಕೋಟುಗಳಿಗೆ ಇಸ್ತ್ರಿ ಹಾಕಿದೆ. ಕೋಟು ಐದು, ನಮ್ಮ ಬ್ಯಾಂಡಿನಲ್ಲಿ ಉಳಿದವರು ಇಬ್ಬರು. ಇದಕ್ಕೆಲ್ಲ ಕಾರಣ ಆಫ್ರಿಕಾದಿಂದ ಯುರೋಪಿಗೆ ಹೋದ ಒಂದು ಪಾಪ್ ಬ್ಯಾಂಡು ಅಂದರೆ ನೀವು ನಗಬಹುದು. ನಾನು ನಗುವುದನ್ನು ಬಿಟ್ಟು ಬಹಳ ದಿನವಾಯಿತು.

ನನ್ನ ಯಜಮಾನರು ಬಳ್ಳಾರಿಯ ಮದುವೆ ಮೆರವಣಿಗೆಗಳಲ್ಲಿ ಕ್ಲಾರಿಯೋನೆಟ್ ಊದುತ್ತಲೇ ಕೂದಲು ನರೆಸಿಕೊಂಡವರು. ಡಿಜೆ ಗಾಡಿಗಳು ಬಂದ ಮೇಲೆ ಅವರ ಬ್ಯಾಂಡಿನವರು ಒಬ್ಬೊಬ್ಬರೇ ಜಾರಿದರು. ಒಬ್ಬ ಜೀನ್ಸ್ ಹೊಲಿಯಲು, ಒಬ್ಬ ಸಿರುಗುಪ್ಪದ ಅಕ್ಕಿ ಗಿರಣಿಗೆ. ಇವರೂ ಬಿಡುತ್ತಿದ್ದರೇನೋ, ಅಷ್ಟರಲ್ಲಿ ಮೊಬೈಲಿನಲ್ಲಿ ಆ ಆಫ್ರಿಕಾದವರ ಕಥೆ ನೋಡಿಬಿಟ್ಟರು. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅದೇ. ಎಂಟು ಮಂದಿ ಚಳಿ ದೇಶಕ್ಕೆ ಹೋದದ್ದು, ಹೋಟೆಲುಗಳಲ್ಲಿ ಬೇರೆಯವರ ಹಾಡು ಹಾಡಿದ್ದು, ಸೋಲ್ ಅನ್ನುವ ಎದೆ ಹಿಂಡುವ ಧಾಟಿಯಲ್ಲಿ ಅವರದೇ ಒಂದು ಹಾಡು ಊರೂರು ಮೆರೆದದ್ದು, ಆಮೇಲೆ ಜನ ಮರೆತದ್ದು. ಒಬ್ಬ ಬಸ್ಸು ಓಡಿಸಲು ಹೋದ, ಒಬ್ಬ ಅಂಗಡಿ ಇಟ್ಟ. ಕೊನೆಗೆ ಉಳಿದವನು ಹಾಡುಗಾರ ಒಬ್ಬನೇ.

"ಆದ್ರೂ ಬ್ಯಾಂಡಿನ ಬೋರ್ಡು ಇಳಿಸ್ಲಿಲ್ಲ ನೋಡು ಅಂವ," ಎನ್ನುತ್ತಾರೆ.

"ಇಳಿಸ್ಬೇಕಿತ್ರಿ," ಎನ್ನುತ್ತೇನೆ.

ಇಂದು ಕುರುಗೋಡಿನ ಮದುವೆ ಮುಗಿಸಿ ಬ್ಯಾಂಡು ಮುಚ್ಚಿಸಿಯೇಬಿಡಬೇಕೆಂದು ನಿಶ್ಚಯಿಸಿದ್ದೆ. ಹೆಣ್ಣಿನ ಮನೆಯವರು ಐದು ಜನ ಬೇಕೆಂದಿದ್ದರು. ಜನ ಕಡಿಮೆಬಿದ್ದಾಗ ಏನೂ ಬಾರದವರಿಗೂ ಕೋಟು ತೊಡಿಸಿ, ವಾದ್ಯ ಹಿಡಿಸಿ ನಿಲ್ಲಿಸುವುದು ಈ ಕಸುಬಿನಲ್ಲಿ ಹೊಸದಲ್ಲ. ಇವರು, ಬ್ಯಾಂಡಿನಲ್ಲಿ ಉಳಿದಿದ್ದ ಡೋಲಿನ ಖಾಜಾಸಾಬರು, ಏನೂ ಬಾರದ ಖಾಜಾಸಾಬರ ಇಬ್ಬರು ತಮ್ಮಂದಿರು. ಐದನೆಯ ಕೋಟು ನನ್ನ ಸೀರೆಯ ಮೇಲೆ ಬಂತು, ಕೈಗೆ ತಾಳ.

ಮದುಮಗಳ ಅಜ್ಜಿ ಹತ್ತಿರ ಬಂದು ನಿಂತಳು. "ಯವ್ವಾ, ನಿನ್ ತಾಳ ಸಪ್ಪಳಾನ ಮಾಡವಲ್ದಲ್ಲ?"

"ಹಗೂರ ಬಾರಿಸಾಕತ್ತೀನ್ರಿ."

"ಇಷ್ಟು ಹಗೂರೇನ? ನಮ್ಮನಿ ಬೆಕ್ಕು ಇದಕ್ಕಿಂತ ಜೋರು ನಡೀತೈತಿ."

ಅಷ್ಟರಲ್ಲಿ ಗಂಡಿನ ಕಡೆಯವರ ಡಿಜೆ ಗಾಡಿ ಬಂತು. ಆಮೇಲೆ ಯಾರ ತಾಳವೂ ಯಾರಿಗೂ ಕೇಳಿಸಲಿಲ್ಲ. ಖಾಜಾಸಾಬರು ಕೋಲು ಕೆಳಗಿಳಿಸಿದರು. ಇವರು ಮಾತ್ರ ಕೆನ್ನೆ ಉಬ್ಬಿಸಿ ಊದುತ್ತಲೇ ಇದ್ದರು. ಪಕ್ಕಕ್ಕೆ ಸರಿದು ಕಿವಿಗೊಟ್ಟೆ. ಮೊಬೈಲಿನಲ್ಲಿ ದಿನಾ ಕೇಳಿಸುತ್ತಿದ್ದ ಆಫ್ರಿಕಾದವರ ಆ ಹಾಡು. ಅಷ್ಟು ಜನರಲ್ಲಿ ಕೇಳಿಸಿಕೊಂಡವಳು ನಾನೊಬ್ಬಳೇ.

ಮದುವೆ ಊಟಕ್ಕೆ ಇವರು ನಿಲ್ಲಲಿಲ್ಲ. ಬಸ್ಸಿನಲ್ಲಿ, ಇನ್ನು ಸಾಕು ಮಾಡ್ರಿ ಅನ್ನಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಆ ಹಾಡುಗಾರ ಈಗೇನು ಮಾಡ್ತಾನ್ರಿ?"

"ಹಾಡ್ತಾನ."

"ಯಾರು ಕೇಳ್ತಾರ?"

ಇವರು ಕಿಟಕಿಯ ಹೊರಗೆ ನೋಡಿದರು. "ಅದನ್ನ ಮೊಬೈಲ್‌ನಾಗ ಹೇಳ್ಲಿಲ್ಲ."

ಮನೆ ಸೇರಿದಾಗ ಮೂರು ಗಂಟೆ. ಬೆಳಗಿನ ರೊಟ್ಟಿ, ಪುಂಡಿಪಲ್ಯ ಉಂಡೆವು. ಮೊದಲು ನಿದ್ದೆ ಹೋದವಳು ನಾನೇ, ಬ್ಯಾಂಡು ಮುಚ್ಚಿಸಹೊರಟವಳು. ಎದ್ದು ನೋಡಿದರೆ ಕೆಂಪು ಕೋಟು ನನ್ನ ಮೈಮೇಲೆಯೇ ಇತ್ತು, ಒಂದು ಗುಂಡಿಯನ್ನೂ ಬಿಚ್ಚಿರಲಿಲ್ಲ.