ಆಕೆ ರೇಡಿಯೋ ಯಾರ ಕೈಗೆ ಕೊಡೋದು

ಮನೇಲಿ ಒಂದು ರೇಡಿಯೋ ಕೆಟ್ಟರೆ ಸಾಕು, ಬೀದೀಲಿ ಹೋಗೋರೆಲ್ಲ ರಿಪೇರಿ ಹೇಳ್ತಾರೆ. ನಮ್ಮದು ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಕೆಡೋದು. ಹಂಗಾಗಿ ಇಂಥವು ನಡೀತಾನೇ ಇದ್ದವು.

ನಾನು ಶ್ರೀರಾಂಪುರದ ಕಡೆಯವನು. ತೋಟಗಳಲ್ಲಿ ತೆಂಗಿನಕಾಯಿ ಸುಲಿಯೋ ಕೆಲಸ. ಹೋದರೆ ಎರಡು ಮೂರು ದಿನ ಮನೆಗೆ ಬರೋಕಾಗಲ್ಲ. ಮಕ್ಕಳಿಲ್ಲ. ಮಿಲಿಟ್ರಿಯಲ್ಲಿದ್ದ ತಮ್ಮ ತಂದುಕೊಟ್ಟ ಟ್ರಾನ್ಸಿಸ್ಟರೇ ನನ್ನ ಹೆಂಡ್ತಿಗೆ ಜೊತೆ. ಅದು ಮಾತಾಡ್ತಿದ್ರೆ ಆಕೆ ಉಣ್ಣೋಳು. ಇಲ್ಲದಿದ್ರೆ ಹಂಗೇ ಮಲಗೋಳು.

೧. ಎಣ್ಣೆ

ಮೊದಲ ಸಲ ಕೆಟ್ಟಾಗ ಹಾಡಿನ ಜೊತೆ ಗೊರಗೊರ ಅನ್ನೋಕೆ ಹತ್ತಿತು. ನಮ್ಮ ಬೀದೀಲಿ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್ಕು ಇದ್ದ. ಕಿವಿ ಇಟ್ಟು ಕೇಳಿ, ಒಳಗೆ ಒಣಗೈತೆ, ಎಣ್ಣೆ ಕಾಣದ ಮಿಷನ್ನು ಯಾವುದೂ ಉಳಿಯಲ್ಲ ಅಂದ. ಹೊಲಿಗೆ ಮಿಷನ್ನಿನ ಎಣ್ಣೆ ತಂದು ತೂತಿನಲ್ಲಿ ಹುಯ್ದ. ಗೊರಗೊರ ನಿಂತಿತು. ಹಾಡೂ ನಿಂತಿತು. ಆಕೆ ಮುಖ ಸಣ್ಣದು ಮಾಡಿಕೊಂಡು ನಿಂತಳು.

ಅವನು ಕೈ ಒರೆಸಿಕೊಂಡ. “ಶಬ್ದ ನಿಲ್ಲಿಸು ಅಂದ್ರಿ, ನಿಲ್ಲಿಸಿದೀನಿ. ಹಾಡು ನನ್ನ ಕೆಲಸ ಅಲ್ಲ.”

೨. ಅಂಗಡೀಲಿ ಮಾತ್ರ

ಹೊಸದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ರೇಡಿಯೋ ಅಂಗಡಿ. ಅಂಗಡಿಯವನು ಎಣ್ಣೆ ಎಲ್ಲ ಒರೆಸಿ, ಬೆರಳಲ್ಲಿ ಕುಟ್ಟಿದ. ಮಾತಾಡಿತು. ಬಸ್ಸಿನಲ್ಲೂ ಮಾತಾಡಿತು. ನಮ್ಮ ಹೊಸಲು ದಾಟಿದ್ದೇ ತಡ, ಮೂಕ. ಮತ್ತೆ ಒಯ್ದೆ. ಅಲ್ಲಿ ಮತ್ತೆ ಮಾತಾಡಿತು. ರೇಡಿಯೋ ಚೆನ್ನಾಗೈತೆ, ನಿಮ್ಮ ಮನೆ ರಿಪೇರಿ ಮಾಡಿಸ್ರಿ ಅಂದ ಅವನು. ಆಗೆಲ್ಲ ರೇಡಿಯೋ ಇಟ್ಕಳ್ಳೋಕೆ ವರ್ಷಾ ವರ್ಷ ಲೈಸೆನ್ಸ್ ದುಡ್ಡು ಕಟ್ಟಬೇಕಿತ್ತು; ಮೂಕ ರೇಡಿಯೋಕ್ಕೂ ಪೋಸ್ಟಾಫೀಸಿನವರು ಕೇಳೋದು ಬಿಡಲಿಲ್ಲ.

ಆಮೇಲಿನ ಸಲ ಆಕೆನೂ ಬಂದಳು. ಅಂಗಡೀಲಿ ಹಾಡು ಶುರುವಾಯಿತು. ಆಕೆ ಬೆಂಚಿನ ಮೇಲೆ ಕುಂತು ರೊಟ್ಟಿ ಗಂಟು ಬಿಚ್ಚಿದಳು. ಬಸ್ಸು ಹೋಗ್ತೈತೆ, ಏಳಮ್ಮ ಅಂದ ಅಂಗಡಿಯವನು.

“ಮನೇಲಿ ಇದು ಮಾತಾಡಲ್ಲ, ನಾನು ಉಣ್ಣಲ್ಲ. ಎರಡೂ ಇಲ್ಲೇ ಮುಗಿಸ್ಕಂಡು ಹೋಗ್ತೀನಿ.”

೩. ಮೇಲೋ ಒಳಗೋ

ಆಕೆ ಉಣ್ಣದೇ ಇರೋದು ರೇಡಿಯೋದಿಂದ ಅಲ್ಲ ಅಂತ ತಿಳಿಯೋ ಹೊತ್ತಿಗೆ ಹೊಟ್ಟೇಲಿ ಗಡ್ಡೆ ಬೆಳೆದಿತ್ತು. ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕರಕೊಂಡು ಹೋದೆ. ಎದುರಿಗೇ ಒಳ್ಳೆ ರೇಡಿಯೋ ಅಂಗಡಿ ಐತೆ ಅಂತ ಯಾರೋ ಹೇಳಿದ್ದರು. ಅದನ್ನೂ ಚೀಲದಲ್ಲಿ ಹಾಕಿಕೊಂಡೆ.

ಡಾಕ್ಟ್ರು ನೋಡಿ, ತಡವಾಯ್ತು, ಮನೇಲೇ ಇಟ್ಕಂಡು ಚೆನ್ನಾಗಿ ನೋಡ್ಕಳ್ಳಿ ಅಂದರು. ಎದುರಿನ ಅಂಗಡಿಯವನೂ ರೇಡಿಯೋ ಬಿಚ್ಚಿ ನೋಡಿ ಅದನ್ನೇ ಅಂದ. ಬಸ್ಸಿನ ಹತ್ತಿರ ಆಕೆ ಕೇಳಿದಳು, ಏನಂದ್ರು? ರೇಡಿಯೋದ್ದು ಹೇಳಿದೆ. ಅದಲ್ಲ, ನಂದು ಅಂದಳು. ನನಗೆ ಸುಳ್ಳು ಬರಲ್ಲ. ಇಬ್ರೂ ಒಂದೇ ಹೇಳಿದ್ರು ಅಂದೆ.

ಆಕೆ ಬಸ್ಸಿನ ಮೇಲೆ ಮೂಟೆ ಜೊತೆ ನಮ್ಮ ರೇಡಿಯೋ ಚೀಲಾನೂ ಏರಿಸ್ತಿದ್ದವನ ಕಡೆ ನೋಡಿದಳು.

“ಹಂಗಾರೆ ನನ್ನೂ ಮೇಲಕ್ಕೇ ಹಾಕ್ರಿ. ಸೀಟು ಯಾಕೆ ದಂಡ.”

೪. ಕಾಗೆ

ಆಕೆ ಹೋದಳು.

ಹಾಲುತುಪ್ಪದ ದಿನ, ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟೆವು. ಸತ್ತೋರಿಗೆ ಇಷ್ಟ ಆದದ್ದೆಲ್ಲ ಇಡಬೇಕು. ಹೋಳಿಗೆ, ಚಕ್ಕುಲಿ, ಎಲೆ ಅಡಿಕೆ ಇಟ್ಟರು. ಯಾರೋ ರೇಡಿಯೋನೂ ತಂದಿಟ್ಟರು. ಕಾಗೆ ಬಂದು ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿ. ಮುಟ್ಟದಿದ್ರೆ ಅದು ಅಲೀತೈತೆ ಅಂತಾರೆ. ಮುಟ್ಟೋ ತನಕ ಯಾರೂ ಉಣ್ಣಂಗಿಲ್ಲ.

ಕಾಗೆ ಬೇವಿನ ಮರದಲ್ಲಿ ಕೂತಿತ್ತು. ಇಳೀಲಿಲ್ಲ. ಬಿಸಿಲೇರಿತು. ಏನೋ ಆಸೆ ಉಳಿದೈತೆ, ಮಾತು ಕೊಡು ಅಂದರು ಹಿರಿಯರು. ರೇಡಿಯೋ ರಿಪೇರಿ ಮಾಡಿಸ್ತೀನಿ ಅಂತ ಕೈ ಮುಗಿದೆ. ಕಾಗೆ ಕತ್ತು ಆ ಕಡೆ ತಿರುಗಿಸಿತು.

ಹಿರಿಯೂರಿನಿಂದ ಆಕೆ ಅಕ್ಕ ಬಂದಿದ್ದಳು. “ಈ ಮಾತು ಬದುಕಿದ್ದಾಗ್ಲೇ ಬೇಕಾದಷ್ಟು ಕೇಳಿದಾಳಪ್ಪ. ಈಗ ಕಣ್ಮುಂದೇನೇ ಮಾಡ್ಸು” ಅಂದಳು.

ಪಂಪ್‌ಸೆಟ್ಟಿನವನು ಎದ್ದ. ಹಿಡಿದು ಕೂರಿಸಿದರು. ಹೊಸದುರ್ಗದ ಅಂಗಡಿಯವನೂ ಬಂದಿದ್ದ. ಸ್ಕ್ರೂಡ್ರೈವರು ಅವನ ಜೇಬಲ್ಲಿ ಪೆನ್ನಿನ ಹಂಗೆ ಯಾವಾಗ್ಲೂ ಇರೋದು. ಒಂದು ಎಲೆ ಹಾಸಿ, ರೇಡಿಯೋ ಬಿಚ್ಚಿ, ಒಳಗಿನದ್ದನ್ನೆಲ್ಲ ಒಂದೊಂದಾಗಿ ಎಲೆ ಮೇಲೆ ಬಡಿಸಿದಂಗೆ ಇಟ್ಟ. ನಾನು ತಲೆ ಬಗ್ಗಿಸಿ ಕುಂತೆ. ಆಕೆ ಅಲೀಬಾರದು, ಅಷ್ಟೇ ನನಗೆ.

ಕಾಗೆ ಇಳೀತು. ಹೋಳಿಗೆ ದಾಟಿತು. ಚಕ್ಕುಲಿ ದಾಟಿತು. ಅಂಗಡಿಯವನ ಎಲೆಗೆ ಬಂದು, ಹೊಳೆಯೋ ತಾಮ್ರದ ಸುರುಳಿಯೊಂದನ್ನ ಕೊಕ್ಕಲ್ಲಿ ಕಚ್ಚಿಕೊಂಡು ತೋಟದ ಮೇಲೆ ಹಾರಿಹೋಯಿತು.

ಇದು ಮುಟ್ಟಿದಂಗೋ ಅಲ್ಲವೋ ಅಂತ ಹಿರಿಯರು ಯೋಚನೆ ಮಾಡಿದರು. ಹಸಿದಿದ್ದೋರು ಮೊದಲು ಹೂಂ ಅಂದರು. ಅಂಗಡಿಯವನು ಮಾತ್ರ ಎಲೆ ಮೇಲೆ ಸುರುಳಿ ಇದ್ದ ಖಾಲಿ ಜಾಗ ನೋಡ್ತಾ, ಆ ಸುರುಳಿ ಇಲ್ಲದೆ ಇದನ್ನ ಇನ್ನು ಯಾರ ಕೈಲೂ ಸರಿ ಮಾಡೋಕಾಗಲ್ಲ ಅಂದ.

ಆಕೆ ಅಕ್ಕ ಸೀರೆ ಕೊಡವಿಕೊಂಡು ಎದ್ದಳು.

“ಒಳ್ಳೆ ರಿಪೇರಿಯೋರೆಲ್ಲ ಸತ್ತು ಅಲ್ಲೇ ಅವ್ರೆ ಬಿಡಪ್ಪ. ಆಕೆ ಮಾಡಿಸ್ಕಂತಾಳೆ. ಏಳ್ರಿ ಊಟಕ್ಕೆ.”